ಎಳೆಗೂಸಿನೊಡನೆ ದೂರದೇಶದ ವಿಮಾನಯಾನ

ಚೊಚ್ಚಲ ಹೆರಿಗೆಗೆ ಮಗಳನ್ನು ತವರಿಗೆ ಕರೆತರುವುದು, ಬಾಣಂತನ ಮುಗಿಸಿ, ಉಡಿ ತುಂಬಿ, ತೊಟ್ಟಿಲೊಡನೆ ಗಂಡನ ಮನೆಗೆ ಕಳುಹಿಸುವುದು ನಮ್ಮ ಭಾಗದಲ್ಲಿ ತಲೆತಲಾಂತರದಿಂದ ನಡೆದುಬಂದ ಪದ್ಧತಿ. ಹಿಂದೆ ಆ ಗಂಡನ ಮನೆ ಬಹುಮಟ್ಟಿಗೆ ಇಂಡಿಯಿಂದ ಸಿಂದಗಿಗೆ, ಬಸವನ ಬಾಗೇವಾಡಿಯಿಂದ ಮುದ್ದೇಬಿಹಾಳಕ್ಕೆ ಇರುವಷ್ಟೇ ದೂರದಲ್ಲಿ ಇರುತ್ತಿತ್ತು. ಈಗ ಇದೇ ತಾಲ್ಲೂಕುಗಳ ಮಗಳು–ಅಳಿಯಂದಿರು ದುಬೈ, ಲಂಡನ್, ಅಮೆರಿಕಗಳಲ್ಲಿ ನೆಲೆಸಿದ್ದಾರೆ. ನಾಲ್ಕಾರು ತಿಂಗಳ ಕೂಸಿನ ಮೊದಲ ಪ್ರಯಾಣವೇ ಸಮುದ್ರ ದಾಟುವ ಪ್ರಯಾಣವಾಗುತ್ತಿದೆ.

ಇಂಥ ಪ್ರಯಾಣಕ್ಕೆ ಮುನ್ನ ನಮ್ಮಲ್ಲಿಗೆ ಬರುವ ಅಜ್ಜಿಯರು, ತಾಯಂದಿರು ಕೇಳುವ ಮಾತು ಸಾಮಾನ್ಯವಾಗಿ ಒಂದೇ: “ವಿಮಾನದಾಗ ಕೂಸು ಅಳದಂಗ ಮಲಗಾಕ ಏನರ ಕೊಡ್ರಿ.” ಈ ಮಾತಿಗೆ ಉತ್ತರವೇ ಈ ಲೇಖನ. ಆರೋಗ್ಯವಂತ ಕೂಸಿಗೆ ವಿಮಾನಯಾನದಿಂದ ಅಪಾಯವಿಲ್ಲ. ಅಪಾಯವಿರುವುದು ಅದನ್ನು ಮಲಗಿಸಲು ನಾವು ಕೊಡುವ ಮದ್ದಿನಲ್ಲಿ.

ಕೂಸು ಅಳುವುದೇಕೆ?

ಹಾರುವ ವಿಮಾನದೊಳಗಿನ ಗಾಳಿಯ ಒತ್ತಡ ನೆಲದ ಮೇಲಿನಷ್ಟು ಇರುವುದಿಲ್ಲ. ಅದು ಸುಮಾರು 6000ದಿಂದ 8000 ಅಡಿ ಎತ್ತರದ ಬೆಟ್ಟದ ಮೇಲಿನ ಗಾಳಿಗೆ ಸಮಾನ. ಊಟಿಯಲ್ಲಿ ಉಸಿರಾಡಿದಂತೆ ಎನ್ನಬಹುದು. ವಿಮಾನ ಇಳಿಯತೊಡಗಿದಾಗ ಹೊರಗಿನ ಒತ್ತಡ ಮತ್ತೆ ಏರುತ್ತದೆ. ಮೂಗಿನ ಹಿಂಭಾಗದಿಂದ ಕಿವಿಯ ನಡುಭಾಗಕ್ಕೆ ಹೋಗುವ ಸಣ್ಣ ನಾಳವೊಂದು ತೆರೆದುಕೊಂಡು ಈ ಒತ್ತಡವನ್ನು ಸರಿದೂಗಿಸಬೇಕು. ಮಕ್ಕಳಲ್ಲಿ ಈ ನಾಳ ಕಿರಿದು. ಅದು ತೆರೆಯದಿದ್ದಾಗ ಕಿವಿಯ ತಮಟೆ ಒಳಕ್ಕೆ ಸೆಳೆಯಲ್ಪಟ್ಟು ನೋವಾಗುತ್ತದೆ, ಕೂಸು ಚೀರುತ್ತದೆ.

ನುಂಗುವ ಕ್ರಿಯೆಯಿಂದ ಈ ನಾಳ ತೆರೆಯುತ್ತದೆ. ಆದುದರಿಂದ ವಿಮಾನ ಏರುವಾಗ, ಅದಕ್ಕಿಂತ ಮುಖ್ಯವಾಗಿ ಇಳಿಯತೊಡಗಿದಾಗ, ಕೂಸಿಗೆ ಎದೆಹಾಲು ಕುಡಿಸುವುದೇ ಉತ್ತಮ ಚಿಕಿತ್ಸೆ. ನಿಲ್ದಾಣ ಮುಟ್ಟುವುದಕ್ಕೆ ಸುಮಾರು ಅರ್ಧ ಗಂಟೆ ಮೊದಲೇ ಇಳಿಯುವಿಕೆ ಆರಂಭವಾಗುತ್ತದೆ; ಆಗ ಕೂಸು ಮಲಗಿದ್ದರೆ ಮೆಲ್ಲನೆ ಎಬ್ಬಿಸಿ ಹಾಲೂಡಿಸಬೇಕು. ಅನ್ನ ತಿನ್ನುವ ಮಗುವಿಗೆ ಗುಟುಕು ಗುಟುಕಾಗಿ ನೀರು ಕುಡಿಸಬಹುದು. ಮದ್ದಿನ ಅಮಲಿನಲ್ಲಿ ಮಲಗಿದ ಕೂಸು ನುಂಗುವುದಿಲ್ಲ ಎಂಬುದನ್ನು ಗಮನಿಸಿರಿ.

ವಿಮಾನದೊಳಗಿನ ಹವೆ ಬಹಳ ಒಣದಾಗಿರುತ್ತದೆ. ತೇವಾಂಶ ಸಾಮಾನ್ಯವಾಗಿ ಶೇಕಡಾ 20ಕ್ಕಿಂತ ಕಡಿಮೆ. ರೂಕ್ಷತೆ, ಶೀತ, ಚಲನೆ ಈ ಮೂರೂ ವಾತವನ್ನು ಕೆರಳಿಸುವ ಗುಣಗಳೆಂದು ಆಯುರ್ವೇದ ಹೇಳುತ್ತದೆ. ಆದುದರಿಂದ ಹೊರಡುವ ದಿನ ಹದವಾದ ಎಣ್ಣೆ ಹಚ್ಚಿ ಬೆಚ್ಚಗೆ ಸ್ನಾನ ಮಾಡಿಸುವುದು ಹಿತ. ಆದರೆ ಕಿವಿ, ಮೂಗುಗಳಿಗೆ ಎಣ್ಣೆ ಬಿಡಬಾರದು. ಮೂಗಿನ ಎಣ್ಣೆ ಎಳೆಗೂಸಿನ ಶ್ವಾಸಕೋಶಕ್ಕೆ ಇಳಿಯುವ ಭಯವಿದೆ. ಮೂಗು ಕಟ್ಟಿದರೆ ಅಂಗಡಿಯಲ್ಲಿ ದೊರೆಯುವ ಉಪ್ಪುನೀರಿನ ಹನಿ ಸಾಕು.

ಮಲಗಿಸುವ ಮದ್ದು ಬೇಡ

ನಮ್ಮ ಮನೆಗಳಲ್ಲಿ ಕೂಸಿಗೆ ಜಾಜಿಕಾಯಿ ತೇಯ್ದು ಹಾಲಿನಲ್ಲಿ ಕೊಡುವ ರೂಢಿಯುಂಟು. ಜಾಜಿಕಾಯಿ ಔಷಧದ್ರವ್ಯವೆಂಬುದು ನಿಜ. ಔಷಧವಾದುದರಿಂದಲೇ ಅದಕ್ಕೆ ಮಾತ್ರೆಯ ಕಟ್ಟು ಬೇಕು. ಸಾಣೆಕಲ್ಲಿನ ಮೇಲೆ ಎಷ್ಟು ತೇಯ್ದೆವೆಂದು ಅಳೆಯುವವರಾರು? ಪ್ರಮಾಣ ಮೀರಿದರೆ ಮಂಪರು, ಎದೆಬಡಿತದ ಏರುಪೇರು, ವಾಂತಿ ಉಂಟಾಗುತ್ತವೆ. ಗಸಗಸೆಯನ್ನು ಅರೆದು ಕೊಡುವುದೂ ಸಲ್ಲದು. ಆಮ್ಲಜನಕ ತುಸು ಕಡಿಮೆಯಿರುವ ವಿಮಾನದಲ್ಲಿ, ವೈದ್ಯರು ಕೈಗೆ ಸಿಗದ ಎತ್ತರದಲ್ಲಿ, ಕೂಸಿನ ಉಸಿರಾಟವನ್ನು ಕುಗ್ಗಿಸಬಲ್ಲ ಯಾವ ಪದಾರ್ಥವೂ ಬೇಡ.

ಅಂಗಡಿಯ ನೆಗಡಿ ಹನಿಗಳಿಗೂ ಇದೇ ಮಾತು ಅನ್ವಯಿಸುತ್ತದೆ. ಅವು ನಿದ್ದೆ ಬರಿಸುತ್ತವೆಂದು ಪ್ರಯಾಣಕ್ಕೆ ಕೊಡುವವರಿದ್ದಾರೆ. ಕ್ಲೋರ್‌ಫೆನಿರಮೈನ್ ಮತ್ತು ಫಿನೈಲ್‌ಎಫ್ರಿನ್ ಬೆರೆತ ಇಂಥ ಔಷಧವನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಬಳಸಬಾರದೆಂದು ಕೇಂದ್ರ ಔಷಧ ನಿಯಂತ್ರಣ ಇಲಾಖೆಯು 2023ರಲ್ಲಿಯೇ ಎಚ್ಚರಿಸಿದೆ.

ಜೇನುತುಪ್ಪದ ವಿಷಯ. ಶಿಶುವಿಗೆ ಜೇನು–ತುಪ್ಪ ನೆಕ್ಕಿಸುವ ಉಲ್ಲೇಖ ನಮ್ಮ ಗ್ರಂಥಗಳಲ್ಲಿದೆ, ನಿಜ. ಆದರೆ ಜೇನಿನಲ್ಲಿರಬಹುದಾದ ಒಂದು ಬಗೆಯ ರೋಗಾಣುವಿನ ಬೀಜಗಳು ಎಳೆಗರುಳಿನಲ್ಲಿ ಮೊಳೆತು ನರಗಳನ್ನು ಸೋಲಿಸುವ ವಿಷವನ್ನು ಉಂಟುಮಾಡುತ್ತವೆಂದು ಇಂದು ತಿಳಿದಿದೆ. ಒಂದು ವರ್ಷ ತುಂಬುವವರೆಗೆ ಜೇನು ಬೇಡವೆಂಬುದೇ ನಮ್ಮ ಅಭಿಪ್ರಾಯ. ಮೊದಲ ವರ್ಷದ ಶಿಶುವನ್ನು ಸುಶ್ರುತಾಚಾರ್ಯರು ‘ಕ್ಷೀರಪ’, ಅಂದರೆ ಹಾಲುಣ್ಣುವವನೆಂದೇ ಕರೆದಿದ್ದಾರೆ.

ಹೊರಡುವುದು ಯಾವಾಗ?

ದಿನ ತುಂಬಿ ಹುಟ್ಟಿದ ಆರೋಗ್ಯವಂತ ಶಿಶುವನ್ನು ಮೊದಲ ವಾರ ಕಳೆದ ಮೇಲೆ ಅನೇಕ ವಿಮಾನ ಸಂಸ್ಥೆಗಳು ಒಯ್ಯುತ್ತವೆ. ಆದರೂ 6, 10 ಮತ್ತು 14ನೆಯ ವಾರದ ಲಸಿಕೆಗಳನ್ನು ಮುಗಿಸಿಕೊಂಡು ಹೊರಡುವುದು ಮೇಲು. ದಡಾರ–ರುಬೆಲ್ಲಾ ಲಸಿಕೆ ನಮ್ಮಲ್ಲಿ ಒಂಬತ್ತು ತಿಂಗಳು ತುಂಬಿದ ಮೇಲೆ ದೊರೆಯುತ್ತದೆ. ಆರು ತಿಂಗಳು ದಾಟಿದ ಕೂಸನ್ನು ಅದಕ್ಕಿಂತ ಮೊದಲೇ ಕರೆದೊಯ್ಯುವುದಾದರೆ ಮಕ್ಕಳ ತಜ್ಞರನ್ನು ಕೇಳಿರಿ. ತಾಯಿ ಕಾರ್ಡಿನಲ್ಲಿರುವ ಲಸಿಕೆಗಳ ವಿವರವನ್ನು ಇಂಗ್ಲಿಷಿನಲ್ಲಿ ಬರೆಸಿ, ವೈದ್ಯರ ಸಹಿ–ಮೊಹರು ಮಾಡಿಸಿಕೊಂಡರೆ ಅಲ್ಲಿನ ವೈದ್ಯರಿಗೆ ಅನುಕೂಲ.

ಜ್ವರ, ಭೇದಿ, ಕಿವಿನೋವು, ಉಸಿರಿನ ತೊಂದರೆ ಇದ್ದರೆ ಪ್ರಯಾಣವನ್ನು ಮುಂದೂಡಬೇಕು. ದಿನ ತುಂಬುವ ಮೊದಲೇ ಹುಟ್ಟಿದ, ಹೃದಯ ಅಥವಾ ಶ್ವಾಸಕೋಶದ ತೊಂದರೆಯಿರುವ ಮಕ್ಕಳ ವಿಷಯದಲ್ಲಿ ತಜ್ಞರ ಒಪ್ಪಿಗೆ ಅಗತ್ಯ.

ತಾಯಿಯನ್ನು ಮರೆಯಬಾರದು. ಹೆರಿಗೆಯ ನಂತರದ ಆರು ವಾರಗಳಲ್ಲಿ, ವಿಶೇಷವಾಗಿ ಶಸ್ತ್ರಕ್ರಿಯೆಯಾಗಿದ್ದರೆ, ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವ ಹೆಚ್ಚು. ದೀರ್ಘಕಾಲ ಕುಳಿತರೆ ಅದು ಮತ್ತಷ್ಟು ಹೆಚ್ಚುತ್ತದೆ. ಆ ಅವಧಿಯಲ್ಲಿ ದೂರದ ವಿಮಾನಯಾನ ಬೇಡ. ನಂತರವೂ ಗಂಟೆಗೊಮ್ಮೆ ಪಾದಗಳನ್ನು ಆಡಿಸಬೇಕು, ಆಗಾಗ ಎದ್ದು ನಡೆಯಬೇಕು. ಬಾಣಂತಿಗೆ ನೀರು ಕಡಿಮೆ ಕೊಡುವ ರೂಢಿಯನ್ನು ಇಲ್ಲಿ ಖಂಡಿತ ಪಾಲಿಸಬಾರದು. ತಾಯಿ ಯಥೇಚ್ಛವಾಗಿ ನೀರು ಕುಡಿಯಬೇಕು.

ಬುತ್ತಿ ಕಟ್ಟುವಾಗ

ಮಗಳೊಡನೆ ಅಂಟಿನ ಉಂಡಿ ಕಳುಹಿಸದ ತವರುಂಟೇ? ಆದರೆ ನಮ್ಮ ಅಂಟಿನ ಉಂಡಿಯಲ್ಲಿ ಕೊಬ್ಬರಿ, ಉತ್ತತ್ತಿಗಳೊಡನೆ ಗಸಗಸೆ, ಜಾಜಿಕಾಯಿಗಳೂ ಸೇರುತ್ತವೆ. ದುಬೈ ಒಳಗೊಂಡ ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಗಸಗಸೆಗೆ ನಿಷೇಧವಿದೆ. ಅದು ಅಫೀಮಿನ ಗಿಡದ ಬೀಜವಾದುದರಿಂದ ಮಾದಕವಸ್ತುವಿನ ಕಾಯಿದೆಯಡಿ ಸೆರೆವಾಸವೂ ಆದೀತು. ಸೌದಿ ಅರೇಬಿಯಾದಲ್ಲಿ ಇಡೀ ಜಾಜಿಕಾಯಿಯನ್ನೂ ಒಯ್ಯುವಂತಿಲ್ಲ. ಆದುದರಿಂದ ಕೊಲ್ಲಿಗೆ ಹೋಗುವವರ ಉಂಡಿಯನ್ನು ಇವೆರಡಿಲ್ಲದೆಯೇ ಕಟ್ಟಿರಿ. ರುಚಿಗೆ ಏಲಕ್ಕಿ ಸಾಕು. ಔಷಧಗಳನ್ನು ಅವುಗಳ ಮೂಲ ಡಬ್ಬಿಯಲ್ಲಿಯೇ, ವೈದ್ಯರ ಚೀಟಿಯೊಡನೆ ಇಟ್ಟುಕೊಳ್ಳಿರಿ. ಸೀಸದ ಅಂಶವಿರಬಹುದಾದ ಕಾಡಿಗೆಯನ್ನು ಕೂಸಿನ ಕಣ್ಣಿಗೆ ಹಚ್ಚುವುದೂ ಬೇಡ, ಡಬ್ಬಿಯನ್ನು ಕಳುಹಿಸುವುದೂ ಬೇಡ.

ಕೈಚೀಲದಲ್ಲಿ ಎರಡು ಮೂರು ಗಂಟೆಗೊಂದರಂತೆ ಲೆಕ್ಕಹಾಕಿ ಡೈಪರ್, ಎರಡು ಜೊತೆ ಬಟ್ಟೆ, ತಾಯಿಗೂ ಒಂದು ಜೊತೆ ಬಟ್ಟೆ, ತೆಳು ಕಂಬಳಿ, ವೈದ್ಯರು ಕೂಸಿನ ತೂಕಕ್ಕೆ ತಕ್ಕಂತೆ ಬರೆದುಕೊಟ್ಟ ಜ್ವರದ ಔಷಧ, ಓಆರ್‌ಎಸ್ ಪೊಟ್ಟಣ ಇರಲಿ. ಕೂಸಿಗೆ ಬೇಕಾದಷ್ಟು ಹಾಲು, ನೀರು, ಮೆತ್ತನೆಯ ಆಹಾರವನ್ನು ಭದ್ರತಾ ತಪಾಸಣೆಯಲ್ಲಿ ತಡೆಯುವುದಿಲ್ಲ, ತೆಗೆದು ತೋರಿಸಿದರಾಯಿತು. ಬೆಳ್ಳಿಯ ಉಡದಾರ, ಕಾಲ್ಗಡಗಗಳನ್ನು ಮನೆಯಲ್ಲಿಯೇ ತೆಗೆದಿಡಿರಿ. ಕೂಸಿಗೆ ಲಿಂಗಧಾರಣೆಯಾಗಿದ್ದರೆ, ಅದು ಮಲಗಿರುವಾಗ ಶಿವದಾರ ಕೊರಳಿಗೆ ಸುತ್ತಿಕೊಳ್ಳದಂತೆ ತಾಯಿಯ ಕಣ್ಣಿರಲಿ.

ಕಾಗದಪತ್ರ ಮತ್ತು ಹಾದಿ

ಎಷ್ಟೇ ಚಿಕ್ಕದಾದರೂ ಕೂಸಿಗೆ ತನ್ನದೇ ಪಾಸ್‌ಪೋರ್ಟ್, ವೀಸಾ ಬೇಕು. 2023ರ ಅಕ್ಟೋಬರ್ 1ರಂದು ಮತ್ತು ಅನಂತರ ಹುಟ್ಟಿದವರಿಗೆ ಜನ್ಮದಿನಾಂಕದ ಆಧಾರವಾಗಿ ಜನನ ಪ್ರಮಾಣಪತ್ರವೊಂದೇ ಸಲ್ಲುತ್ತದೆ. ಆದುದರಿಂದ ಹೆಸರು ಸೇರಿಸಿದ ಪ್ರಮಾಣಪತ್ರವನ್ನು ಬೇಗನೆ ಪಡೆಯಿರಿ. ತಂದೆ ಜೊತೆಗಿಲ್ಲದೆ ತಾಯಿಯೊಬ್ಬಳೇ ಹೊರಟರೆ ತಂದೆಯ ಒಪ್ಪಿಗೆಪತ್ರ ಕೈಯಲ್ಲಿರಲಿ. ಟಿಕೆಟ್ಟು ಕೊಳ್ಳುವಾಗಲೇ ಗೋಡೆಗೆ ತೂಗುಹಾಕುವ ಶಿಶುತೊಟ್ಟಿಲನ್ನು ಕೇಳಿರಿ. ಅವು ಕೆಲವೇ ಇರುತ್ತವೆ, ತೂಕದ ಮಿತಿಯೂ ಉಂಟು.

ನಮ್ಮವರಿಗೆ ವಿಮಾನಕ್ಕಿಂತ ಮೊದಲಿನ ಹಾದಿಯೇ ದೊಡ್ಡದು. ಇಂಡಿಯವರು ಸೊಲ್ಲಾಪುರದ ಮೇಲೆ ಮುಂಬಯಿಗೆ, ಸಿಂದಗಿಯವರು ಹೈದರಾಬಾದಿಗೆ, ಬಾಗೇವಾಡಿ–ಮುದ್ದೇಬಿಹಾಳದವರು ಹೊಸಪೇಟೆ, ಚಿತ್ರದುರ್ಗಗಳ ಮೇಲೆ ಬೆಂಗಳೂರಿಗೆ ಹೋಗಬೇಕು. ಇಡೀ ರಾತ್ರಿ ಪಯಣಿಸಿ ನೇರವಾಗಿ ವಿಮಾನ ಏರಿದರೆ ತಾಯಿ–ಕೂಸು ಇಬ್ಬರೂ ಬಳಲುತ್ತಾರೆ. ಒಂದು ದಿನ ಮೊದಲೇ ತಲುಪಿ, ವಿಶ್ರಾಂತಿ ಪಡೆದು ಹೊರಡುವುದು ಲೇಸು.

ತಲುಪಿದ ಮೇಲೆ

ದುಬೈಯ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಮಾತ್ರ ಹಿಂದಿದೆ. ಕೂಸು ಬೇಗನೆ ಹೊಂದಿಕೊಳ್ಳುತ್ತದೆ. ಅಮೆರಿಕದಲ್ಲಿ ಹಗಲು–ರಾತ್ರಿಗಳೇ ಅದಲುಬದಲು. ಅಲ್ಲಿ ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ದಿನ ಕೂಸು ನಡುರಾತ್ರಿಯಲ್ಲಿ ಎದ್ದು ಆಡೀತು. ಹಗಲಿನಲ್ಲಿ ಬೆಳಕಿಗೆ ಕರೆದೊಯ್ಯುವುದು, ರಾತ್ರಿ ದೀಪ ಮಂದಗೊಳಿಸಿ ಮಾತು ಕಡಿಮೆ ಮಾಡುವುದು, ಸಂಜೆ ಎಣ್ಣೆ ಸವರಿ ಬೆಚ್ಚಗೆ ಸ್ನಾನ ಮಾಡಿಸುವುದು, ಇಷ್ಟೇ ಉಪಾಯ. ನಿಲ್ದಾಣದಿಂದ ಮನೆಗೆ ಹೋಗುವಾಗ ಕೂಸನ್ನು ತೊಡೆಯ ಮೇಲೆ ಕೂರಿಸಿಕೊಳ್ಳುವಂತಿಲ್ಲ. ಅಮೆರಿಕ, ದುಬೈಗಳಲ್ಲಿ ಕಾರಿನೊಳಗೆ ಮಕ್ಕಳ ಪ್ರತ್ಯೇಕ ಆಸನ ಕಾಯಿದೆಯಂತೆ ಕಡ್ಡಾಯ. ಅದನ್ನು ಅಳಿಯಂದಿರು ಮೊದಲೇ ಸಿದ್ಧಪಡಿಸಿರಲಿ.

ಇಷ್ಟೆಲ್ಲ ಮಾಡಿದರೂ ವಿಮಾನದಲ್ಲಿ ಕೂಸು ಒಮ್ಮೊಮ್ಮೆ ಅತ್ತೇ ಅಳುತ್ತದೆ. ಅಕ್ಕಪಕ್ಕದವರು ಏನೆಂದಾರು ಎಂಬ ಸಂಕೋಚದಿಂದಲೇ ತಾಯಂದಿರು ಮದ್ದಿಗೆ ಕೈಚಾಚುತ್ತಾರೆ. ತಾಯಂದಿರೇ, ಅಳು ಕೂಸಿನ ಭಾಷೆ. ಅದು ಅಳುತ್ತಿದೆಯೆಂದರೆ ಅದಕ್ಕೆ ಎಚ್ಚರವಿದೆ, ಉಸಿರು ನೆಟ್ಟಗಿದೆ ಎಂದರ್ಥ. ಎದೆಗೊರಗಿಸಿಕೊಂಡು ಹಾಲೂಡಿಸಿರಿ, ಎತ್ತಿಕೊಂಡು ನಾಲ್ಕು ಹೆಜ್ಜೆ ನಡೆದಾಡಿರಿ. ನೆರೆಯವರ ಒಂದು ಗಳಿಗೆಯ ಬೇಸರಕ್ಕಿಂತ ಕೂಸಿನ ಕ್ಷೇಮ ದೊಡ್ಡದು.