ಮರುನಾಡಿನ ಜೌಗಿನಲ್ಲಿ ಬೆಳೆಯುವ ಸೀತಾಳೆ

ಅಮೆರಿಕ ಸಂಯುಕ್ತ ಸಂಸ್ಥಾನಗಳ ನೈಋತ್ಯದಲ್ಲಿರುವ ಅರಿಜೋನಾ ಸೀಮೆಯು ಮರುಭೂಮಿಗೆ ಹೆಸರಾದುದು. ಆದರೂ ಅದರ ದಕ್ಷಿಣದಂಚಿನಲ್ಲಿ, ಸಮುದ್ರಮಟ್ಟಕ್ಕೆ ಸುಮಾರು 5,000 ಅಡಿ ಎತ್ತರದ ಕಣಿವೆಗಳಲ್ಲಿ, ಅಂತರ್ಜಲವು ಊಟೆಯಾಗಿ ಮೇಲೆದ್ದು ವರ್ಷವಿಡೀ ತೇವವಾಗಿರುವ ಹುಲ್ಲುಗಾವಲುಗಳುಂಟು. ಸ್ಪ್ಯಾನಿಷ್ ಭಾಷೆಯಲ್ಲಿ ಇವಕ್ಕೆ ಸಿಯೆನೆಗ ಎಂದು ಹೆಸರು. ಸೀತಾಳೆ ಅಥವಾ ಆರ್ಕಿಡ್ ಕುಟುಂಬಕ್ಕೆ ಸೇರಿದ ‘ಸ್ಪೈರಾಂಥಿಸ್ ಡೆಲಿಟೆಸೆನ್ಸ್’ ಎಂಬ ಸಸ್ಯವು ಇಂಥ ಕೆಲವೇ ಜೌಗುಗಳಲ್ಲಿ ಕಂಡುಬಂದಿರುತ್ತದೆ.

ಸಸ್ಯಶಾಸ್ತ್ರಜ್ಞರಾದ ಚಾರ್ಲ್ಸ್ ಶೆವಿಯಾಕ್ ಎಂಬವರು 1990ನೆಯ ಇಸವಿಯಲ್ಲಿ ಇದನ್ನು ಪ್ರತ್ಯೇಕ ಜಾತಿಯೆಂದು ವರ್ಣಿಸಿದರು. ಇದರ ಎಲೆಗಳು ಹುಲ್ಲಿನಂತೆ ನೀಳವಾದವು. ಸುಮಾರು ಒಂದೂವರೆ ಅಡಿಯವರೆಗೆ ಬೆಳೆಯುವ ದಂಟಿನ ಮೇಲೆ ನಲವತ್ತರವರೆಗೆ ಸಣ್ಣ ಬಿಳಿ ಹೂಗಳು ಸುರುಳಿಯಾಗಿ ಪೋಣಿಸಿದಂತೆ ಜುಲೈ-ಆಗಸ್ಟ್ ತಿಂಗಳುಗಳಲ್ಲಿ ಅರಳುತ್ತವೆ. ‘ಡೆಲಿಟೆಸೆನ್ಸ್’ ಎಂದರೆ ಅಡಗಿರುವುದು. ಹೆಸರು ಅನ್ವರ್ಥವೇ ಸರಿ. ಹೂವಿಲ್ಲದಾಗ ಇದನ್ನು ಹುಲ್ಲಿನಿಂದ ಬೇರ್ಪಡಿಸಿ ಗುರುತಿಸುವುದು ಕಷ್ಟ. ಕೆಲವು ವರ್ಷ ಗಿಡವು ನೆಲದಡಿಯಲ್ಲಿಯೇ ಉಳಿಯುವುದೂ ಉಂಟು. ಧೂಳಿನಂತಹ ಇದರ ಬೀಜಗಳಲ್ಲಿ ಆಹಾರಸಂಚಯವಿಲ್ಲದ ಕಾರಣ, ಮಣ್ಣಿನಲ್ಲಿರುವ ಶಿಲೀಂಧ್ರದ ನೆರವಿಲ್ಲದೆ ಮೊಳಕೆ ಬೆಳೆಯಲಾರದು.

1880ರ ತರುವಾಯ ಆ ಪ್ರದೇಶದಲ್ಲಿ ದನಗಳ ಸಂಖ್ಯೆ ಮಿತಿಮೀರಿತು. 1891ರಿಂದ 1893ರವರೆಗೆ ಘೋರ ಕ್ಷಾಮವೂ ಬಂದಿತು. ಹುಲ್ಲಿನ ಹೊದಿಕೆ ಹೋದ ನೆಲದಲ್ಲಿ ಹರಿದ ಪ್ರವಾಹಗಳು ಆಳವಾದ ಕೊರಕಲುಗಳನ್ನು ಕೊರೆದವು. ಜಲಮಟ್ಟ ಇಳಿದು ಅನೇಕ ಸಿಯೆನೆಗಗಳು ಒಣಗಿದವು. ಈಗ ಅಂತರ್ಜಲವನ್ನು ಯಂತ್ರಗಳಿಂದ ಎತ್ತುವುದೂ, ಜೋಳದ ಕುಲದ ಜಾನ್ಸನ್ ಹುಲ್ಲು ಹಬ್ಬುವುದೂ ಈ ಸಸ್ಯಕ್ಕೆ ಅಪಾಯಕರವಾಗಿವೆ.

ಹೀಗೆಂದು ದನಗಳನ್ನು ಪೂರ್ತಿಯಾಗಿ ತಡೆದರೆ ಸಾಕೆಂದು ಹೇಳಲಾಗದು. ನೂರು ವರ್ಷಕ್ಕೂ ಮೇಲ್ಪಟ್ಟು ದನಗಳು ಮೇದ ಒಂದು ಜೌಗಿನಲ್ಲಿ ಈ ಗಿಡವು ಉಳಿದುಬಂದಿದ್ದಿತು. ಎತ್ತರದ ಹುಲ್ಲು ದಟ್ಟವಾಗಿ ಮುಚ್ಚಿಕೊಂಡರೆ ಸಣ್ಣ ಗಿಡಕ್ಕೆ ಬೆಳಕು ಸಾಲದಾಗಬಹುದೆಂದು ಬಲ್ಲವರ ಅಭಿಪ್ರಾಯ. ಅತಿಯಾದ ಮೇವು ನೆಲವನ್ನು ಕೆಡಿಸಿತು. ಮಿತವಾದ ಮೇವು ಇದಕ್ಕೆ ಮಾರಕವಾದಂತೆ ಕಾಣುವುದಿಲ್ಲ.

1997ರ ಜನವರಿಯಲ್ಲಿ ಅಮೆರಿಕದ ಸರ್ಕಾರವು ಇದನ್ನು ವಿನಾಶದಂಚಿನ ಜಾತಿಗಳ ಪಟ್ಟಿಗೆ ಸೇರಿಸಿತು. ಆದರೆ ಬೇಲಿ ಹಾಕಿ ಕಾಯಬಹುದಾದುದು ನೆಲದ ಮೇಲ್ಭಾಗ ಮಾತ್ರ. ಬೇಲಿಯಾಚೆ, ದೂರದ ಬಾವಿಯಲ್ಲಿ ನೀರೆತ್ತಿದರೂ ಜೌಗಿನ ಊಟೆ ಬತ್ತಬಹುದು. ಆದುದರಿಂದ ಈ ಹೂವನ್ನು ಉಳಿಸುವ ಕಾರ್ಯವು ಇಡೀ ಕಣಿವೆಯ ನೀರಿನ ಮಿತವ್ಯಯದಿಂದಲೇ ಮೊದಲಾಗತಕ್ಕದ್ದು. ಜಲಮಟ್ಟವನ್ನು ಕಾಪಾಡಿಕೊಂಡ ಕಣಿವೆಯಲ್ಲಿ ಹುಲ್ಲುಗಾವಲೂ ಒಕ್ಕಲೂ ಈ ಸೀತಾಳೆಯೊಡನೆ ಉಳಿಯುವುವು.