ಅಜ್ಜನ ಹೆಸರು ಯಾವ ಕಡತದಲ್ಲಿದೆ?

ಯಲ್ಲಾಪುರ: ಅಂಕೋಲಾ ಮಾರ್ಗದ ಹೆದ್ದಾರಿಯ ಇಡಗುಂದಿ ಹಾಗೂ ಅದರ ಸುತ್ತಲಿನ ಮಜರೆಗಳಲ್ಲಿ ‘ನಿಮ್ಮ ಅಜ್ಜ ಎಲ್ಲಿದ್ದರು?’ ಎಂಬ ಪ್ರಶ್ನೆ ಕೇವಲ ವಂಶಾಭಿಮಾನದ ವಿಷಯವಾಗಿ ಉಳಿದಿಲ್ಲ. ಮನೆ ಕಟ್ಟಿಕೊಂಡ ನೆಲ, ಉಳುವ ಗದ್ದೆ ಯಾರದು ಎಂಬುದು ಈ ಪ್ರಶ್ನೆಯ ಉತ್ತರವನ್ನು ಅವಲಂಬಿಸಿದೆ. ಬ್ರಿಟಿಷರ ಕಾಲದಲ್ಲಿ, ಅದಕ್ಕೂ ಮುನ್ನ ಈ ಕಾಡಿನಂಚಿಗೆ ಬಂದು ನೆಲೆಸಿದ ಕುಟುಂಬಗಳು ತಮ್ಮ ಹಿರಿಯರನ್ನು ಹಳೆಯ ಕಡತಗಳಲ್ಲಿ ಹುಡುಕಬೇಕಾಗಿ ಬಂದಿದೆ.

ಇದಕ್ಕೆ ಕಾರಣ 2006ರ ಅರಣ್ಯ ಹಕ್ಕು ಕಾಯ್ದೆ. ಪರಿಶಿಷ್ಟ ಪಂಗಡಕ್ಕೆ ಸೇರದ ‘ಇತರೆ ಪಾರಂಪರಿಕ ಅರಣ್ಯವಾಸಿಗಳು’ 2005ರ ಡಿಸೆಂಬರ್ 13ಕ್ಕೆ ಮುನ್ನ ಕನಿಷ್ಠ ಮೂರು ತಲೆಮಾರುಗಳಿಂದ ಅರಣ್ಯದಲ್ಲಿ ವಾಸವಾಗಿದ್ದು, ಜೀವನೋಪಾಯಕ್ಕೆ ಅರಣ್ಯವನ್ನು ಅವಲಂಬಿಸಿರಬೇಕು ಎಂದು ಕಾಯ್ದೆ ವಿಧಿಸುತ್ತದೆ. ಒಂದು ತಲೆಮಾರಿಗೆ 25 ವರ್ಷ. ಲೆಕ್ಕ ಹಾಕಿದರೆ ಮುಟ್ಟುವುದು 1930ರ ಡಿಸೆಂಬರನ್ನು; ಅಂದರೆ ಈ ಜಿಲ್ಲೆ ಮುಂಬಯಿ ಪ್ರಾಂತದ ಆಡಳಿತದಲ್ಲಿದ್ದ ದಿನಗಳನ್ನು. ಹೀಗಾಗಿ ಸ್ವತಂತ್ರ ಭಾರತದ ಕಾನೂನಿನಡಿ ಹಕ್ಕು ಕೇಳುವವರು ವಸಾಹತು ಸರಕಾರದ ದಾಖಲೆಗಳ ಬಾಗಿಲು ತಟ್ಟುವುದು ಅನಿವಾರ್ಯವಾಗಿದೆ.

ಇಲ್ಲೊಂದು ತೊಡಕಿದೆ. ಬ್ರಿಟಿಷ್ ಅಧಿಕಾರಿಗಳು ಬರೆದಿಟ್ಟದ್ದು ಜನರ ಚರಿತ್ರೆಯನ್ನಲ್ಲ. ಕಂದಾಯ ಮತ್ತು ನಾಟಾದ ಲೆಕ್ಕವನ್ನು. ತೆರಿಗೆ ಕಟ್ಟಿದವನ ಹೆಸರು ಪುಸ್ತಕದಲ್ಲಿ ಉಳಿಯಿತು. ಅವನ ತೋಟದಲ್ಲಿ ದುಡಿದವನ, ಕಾಡಿನಲ್ಲಿ ದನ ಕಾಯ್ದವನ ಹೆಸರು ಅಪರೂಪಕ್ಕೆ ಮಾತ್ರ ಕಾಣಿಸಿಕೊಂಡಿತು. ಆದ್ದರಿಂದ ಎಲ್ಲ ಕುಟುಂಬಗಳೂ ಒಂದೇ ದಾರಿಯಲ್ಲಿ ಹುಡುಕಿದರೆ ಫಲ ಸಿಗದು.

ಕಡತಗಳು ಎಲ್ಲೆಲ್ಲಿ ಹಂಚಿಹೋಗಿವೆ?

1799ರಲ್ಲಿ ಟಿಪ್ಪು ಸುಲ್ತಾನನ ಪತನದ ನಂತರ ಕಾನಡಾ ಪ್ರದೇಶ ಈಸ್ಟ್ ಇಂಡಿಯಾ ಕಂಪನಿಯ ಮದರಾಸು ಆಡಳಿತಕ್ಕೆ ಸೇರಿತು. ಥಾಮಸ್ ಮನ್ರೋ ಇಲ್ಲಿನ ಮೊದಲ ಕಲೆಕ್ಟರ್. ಕಂಪನಿಯ ಪರವಾಗಿ ಈ ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್ ಸೋಂದಾ ಸೀಮೆಯ ಅಡಿಕೆ ತೋಟಗಳನ್ನೂ ತೋಟಿಗರನ್ನೂ ಕುರಿತು ಬರೆದ ವಿವರಗಳು 1807ರಲ್ಲಿ ಅಚ್ಚಾದವು. ಘಟ್ಟದ ಮೇಲಿನ ತೋಟಗಾರಿಕೆ ಬ್ರಿಟಿಷರಿಗಿಂತ ಹಳೆಯದು ಎಂಬುದಕ್ಕೆ ಅದು ಸಾಕ್ಷಿ.

1862ರಲ್ಲಿ ಉತ್ತರ ಕಾನಡಾ ಮುಂಬಯಿ ಪ್ರಾಂತಕ್ಕೆ ವರ್ಗವಾಯಿತು. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ಆಡಳಿತ ಮೂರು ಬಾರಿ ಬದಲಾದಂತೆ ಕಾಗದಪತ್ರಗಳೂ ಹಂಚಿಹೋದವು. 1862ಕ್ಕೂ ಹಿಂದಿನ ಮೇಲ್ಮಟ್ಟದ ಪತ್ರವ್ಯವಹಾರಕ್ಕೆ ಚೆನ್ನೈನ ಪತ್ರಾಗಾರ, ನಂತರದ್ದಕ್ಕೆ ಮುಂಬಯಿಯ ಪತ್ರಾಗಾರ, ಬೆಂಗಳೂರಿನ ರಾಜ್ಯ ಪತ್ರಾಗಾರ ಹುಡುಕುವ ಸ್ಥಳಗಳು. ಆದರೆ ಕುಟುಂಬದ ಹೆಸರು ಸಿಗುವ ಸಾಧ್ಯತೆ ಹೆಚ್ಚಾಗಿರುವುದು ಹತ್ತಿರದಲ್ಲೇ: ಯಲ್ಲಾಪುರ ತಹಶೀಲ್ದಾರ ಕಚೇರಿಯ ದಾಖಲೆ ಕೋಣೆ, ಭೂಮಾಪನ ಕಚೇರಿ, ಉಪನೋಂದಣಾಧಿಕಾರಿ ಕಚೇರಿ ಮತ್ತು ಕಾರವಾರದ ಜಿಲ್ಲಾಧಿಕಾರಿ ಕಚೇರಿಯಲ್ಲಿ.

ಹುಡುಕುವಾಗ ಗಡಿಗಳ ಬದಲಾವಣೆಯನ್ನೂ ನೆನಪಿಡಬೇಕು. ಮುಂಡಗೋಡ ಹಿಂದೆ ಯಲ್ಲಾಪುರ ತಾಲ್ಲೂಕಿನ ಪೇಟಾ ಆಗಿತ್ತು. ಇಂದಿನ ಜೋಯಿಡಾ ಭಾಗ ಹಳೆಯ ದಾಖಲೆಗಳಲ್ಲಿ ‘ಸೂಪಾ’ ಎಂದಿದೆ. ಇಂದಿನ ತಾಲ್ಲೂಕಿನ ಹೆಸರು ಹಿಡಿದು ಹೊರಟವರು ಬೇರೆ ಕಟ್ಟಿನಲ್ಲಿರುವ ತಮ್ಮ ಊರನ್ನು ಕಾಣದೆ ಮರಳುವುದುಂಟು.

ತೋಟಿಗರ ದಾರಿ

ಸ್ವಂತ ಖಾತೆ ಹೊಂದಿದ್ದ ಕುಟುಂಬಗಳಿಗೆ ಹಾದಿ ಸುಗಮ. ಮುಂಬಯಿ ಸರಕಾರದ ಭೂಮಾಪನದಲ್ಲಿ ಪ್ರತಿ ಜಮೀನಿಗೂ ಸರ್ವೆ ನಂಬರು ಬಂತು. 1903ರ ಕಾಯ್ದೆಯಿಂದ ಹಕ್ಕು ದಾಖಲೆಯ ಪದ್ಧತಿ ಆರಂಭಗೊಂಡಿತು. ಖಾತೆದಾರ ಮೃತನಾದಾಗ ವಾರಸಾ ದಾಖಲಾಗಬೇಕು. ಹಿಸ್ಸೆಯಾದರೆ, ಮಾರಿದರೆ ಅದೂ ದಾಖಲಾಗಬೇಕು. ಇಂದಿನ ಪಹಣಿಯಲ್ಲಿರುವ ಸರ್ವೆ ನಂಬರನ್ನು ಹಿಡಿದು, ಕೈಬರಹದ ಪಹಣಿ, ಹಕ್ಕು ಬದಲಾವಣೆಯ ವಹಿ, ಮೂಲ ಸರ್ವೆ ಕಾಗದ ಎಂದು ಹಿಂದಕ್ಕೆ ನಡೆದರೆ ಹೆಸರುಗಳ ಸರಪಳಿ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಸೊಪ್ಪಿನ ಬೆಟ್ಟದ ದಾಖಲೆಗಳು ಮತ್ತೊಂದು ಆಧಾರ. ಒಂದು ಎಕರೆ ಅಡಿಕೆ ತೋಟಕ್ಕೆ ಘಟ್ಟದ ಮೇಲೆ 9 ಎಕರೆ, ಕರಾವಳಿಯಲ್ಲಿ 4 ಎಕರೆ ಬೆಟ್ಟವನ್ನು ಸೊಪ್ಪು, ದರಕು, ಕಟ್ಟಿಗೆಗಾಗಿ ಬಿಟ್ಟುಕೊಡುವ ಪ್ರಮಾಣ ಬ್ರಿಟಿಷರ ಕಾಲದಲ್ಲೇ ನಿಗದಿಯಾಗಿತ್ತು. ಇಂಥ ತೋಟಕ್ಕೆ ಇಂಥ ಬೆಟ್ಟ ಎಂಬ ಕಾಗದ ಸಿಕ್ಕರೆ ಕುಟುಂಬದ ವಾಸದ ಜತೆಗೆ ಅರಣ್ಯದೊಂದಿಗಿನ ಸಂಬಂಧವೂ ಸಾಬೀತಾಗುತ್ತದೆ.

ಖಾತೆಯಿಲ್ಲದವರ ದಾರಿ

ಖಾತೆಯೇ ಇಲ್ಲದವರ ಪಾಡು ಬೇರೆ. ಘಟ್ಟದ ಕೆಳಗಿನಿಂದ ತೋಟದ ಕೆಲಸಕ್ಕೆ ಬಂದು ಇಲ್ಲೇ ಉಳಿದವರು, ದನಕರು ಹೊಡೆದುಕೊಂಡು ಬಂದ ಗೌಳಿಗರು, ಕುಮರಿ ಬೇಸಾಯ ನಂಬಿದ್ದ ಕುಣಬಿಗಳು ಇವರಲ್ಲಿ ಸೇರಿದ್ದಾರೆ. ಕುಮರಿಯನ್ನು 19ನೆಯ ಶತಮಾನದ ಮಧ್ಯಭಾಗದಿಂದಲೇ ನಿರ್ಬಂಧಿಸಲಾಯಿತು. 1878ರ ಅರಣ್ಯ ಕಾಯ್ದೆಯ ನಂತರ ಕಾಡಿನ ಬಹುಭಾಗ ಮೀಸಲು ಅರಣ್ಯವಾಯಿತು. ಕಾಡಿನಲ್ಲಿದ್ದವರು ಕಾಗದದ ಮೇಲೆ ಕಾಡಿಗೆ ಹೊರಗಿನವರಾದರು.

ಆದರೆ ಇವರ ಗುರುತು ಪೂರ್ಣ ಅಳಿಸಿಲ್ಲ. ಅರಣ್ಯ ವ್ಯವಸ್ಥೆಯ ವಿಚಾರಣಾ ಕಾಗದಗಳು, ಅರಣ್ಯ ವಿಭಾಗದ ಕಾರ್ಯಯೋಜನೆಗಳು, ಅಲ್ಪಾವಧಿಗೆ ಸಾಗುವಳಿಗೆ ಕೊಟ್ಟ ಹಂಗಾಮಿ ಲಾಗಣಿಯ ದಾಖಲೆಗಳು, ದಂಡ ವಸೂಲಿಯ ಪ್ರಕರಣಗಳು ಇವುಗಳಲ್ಲಿ ಹೆಸರು ಇರಬಹುದು. ಅಂದು ಅಪರಾಧವೆಂದು ಬರೆದದ್ದು ಇಂದು ವಾಸದ ಸಾಕ್ಷ್ಯವಾಗಿ ಒದಗಬಲ್ಲದು. 1978ರ ಏಪ್ರಿಲ್ 27ಕ್ಕೆ ಮುಂಚಿನ ಅತಿಕ್ರಮಣದಾರರ ಪಟ್ಟಿಗಳೂ ಕೊಂಡಿಯಾಗಿ ಉಪಯುಕ್ತ. ಗೇಣಿದಾರರಾಗಿದ್ದವರು 1974ರ ಭೂಸುಧಾರಣೆಯ ಬಳಿಕ ಭೂನ್ಯಾಯಮಂಡಳಿಗೆ ಸಲ್ಲಿಸಿದ ನಮೂನೆ 7ರ ಅರ್ಜಿ ಮತ್ತು ಹೇಳಿಕೆಗಳಲ್ಲಿ ತಂದೆ, ಅಜ್ಜನ ಕಾಲದ ಸಾಗುವಳಿಯ ಪ್ರಸ್ತಾಪ ಸಿಗುವುದುಂಟು.

ಮೊದಲ ಮಹಾಚುನಾವಣೆಯ ಮತದಾರರ ಪಟ್ಟಿಯನ್ನು ಮರೆಯಬಾರದು. 1952ರಲ್ಲಿ 50 ವರ್ಷವೆಂದು ನಮೂದಾದ ವ್ಯಕ್ತಿ 1902ರ ಸುಮಾರಿಗೆ ಹುಟ್ಟಿದವನು. 1930ರಲ್ಲಿ ಆತನಿಗೆ 28ರ ಆಸುಪಾಸು. ಆತ ಆಗಲೇ ಇದೇ ಊರಿನಲ್ಲಿದ್ದನೆಂದು ಈ ಪಟ್ಟಿಯೊಂದೇ ಹೇಳದು. ಆದರೆ ಆತನ ಮಗನ ಶಾಲಾ ದಾಖಲಾತಿ ವಹಿಯಲ್ಲಿ 1930ಕ್ಕೂ ಮುಂಚಿನ ಜನನ ದಿನಾಂಕವೂ ಇದೇ ಊರು ಜನ್ಮಸ್ಥಳವೆಂಬ ನಮೂದೂ ಇದ್ದರೆ ಎರಡೂ ಸೇರಿ ಗಟ್ಟಿ ಆಧಾರವಾಗುತ್ತವೆ. ಜನಗಣತಿಯ ಹಳೆಯ ಸಂಪುಟಗಳಲ್ಲಾದರೋ ಊರಿನ ಜನಸಂಖ್ಯೆ ಸಿಕ್ಕೀತೇ ಹೊರತು ಮನೆಯವರ ಹೆಸರು ಸಿಗದು.

ಸಿದ್ದಿಗಳ ಪ್ರಶ್ನೆ

ಯಲ್ಲಾಪುರ, ಹಳಿಯಾಳ, ಅಂಕೋಲಾ ಕಾಡುಗಳ ಸಿದ್ದಿ ಸಮುದಾಯದ ಕಥೆ ಇನ್ನೂ ವಿಶಿಷ್ಟ. ಇವರ ಪೂರ್ವಜರಲ್ಲಿ ಹಲವರನ್ನು ಪೋರ್ಚುಗೀಜರು ಆಫ್ರಿಕಾದಿಂದ ಗೋವೆಗೆ ಗುಲಾಮರನ್ನಾಗಿ ತಂದಿದ್ದರು. ಅಲ್ಲಿಂದ ತಪ್ಪಿಸಿಕೊಂಡವರು, ಬಿಡುಗಡೆ ಪಡೆದವರು ಈ ಕಾಡುಗಳಲ್ಲಿ ನೆಲೆ ಕಂಡುಕೊಂಡರು. ಪೋರ್ಚುಗೀಜ್ ಆಳ್ವಿಕೆಯಲ್ಲಿ ಗುಲಾಮಗಿರಿ ಕಾನೂನಿನಿಂದ ರದ್ದಾದದ್ದು 1869ರಲ್ಲಿ. ತಪ್ಪಿಸಿಕೊಂಡು ಬಂದವರು ತಮ್ಮ ಹೆಸರು ಬರೆಸಲು ಕಚೇರಿಗೆ ಹೋಗುವುದು ಸಾಧ್ಯವಿರಲಿಲ್ಲ ಎಂಬುದು ಸ್ಪಷ್ಟ. 2011ರಲ್ಲಿ ಪ್ರಕಟವಾದ, ಹೈದರಾಬಾದಿನ ವಿಜ್ಞಾನಿಗಳು ಪಾಲ್ಗೊಂಡಿದ್ದ ವಂಶವಾಹಿ ಅಧ್ಯಯನವು ಸಿದ್ದಿಗಳ ಆಫ್ರಿಕಾ ಮೂಲವನ್ನು ದೃಢಪಡಿಸಿತು. ಆದರೆ ರಕ್ತದ ಪರೀಕ್ಷೆ ಸಮುದಾಯದ ಮೂಲವನ್ನು ತಿಳಿಸೀತೇ ವಿನಾ ಒಂದು ಮನೆಯವರು ಯಾವ ವರ್ಷ ಯಾವ ಊರಿಗೆ ಬಂದರೆಂಬುದನ್ನು ತಿಳಿಸದು.

2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. ಪರಿಣಾಮವಾಗಿ 75 ವರ್ಷಗಳ ಪುರಾವೆಯ ಷರತ್ತು ಅವರಿಗೆ ಅನ್ವಯಿಸದು. 2005ರ ಡಿಸೆಂಬರ್ 13ಕ್ಕೆ ಮುನ್ನ ಜಮೀನು ಸ್ವಾಧೀನದಲ್ಲಿತ್ತು ಎಂಬುದನ್ನು ತೋರಿಸಬೇಕು. ಅದೇ ಕಾಡಿನಲ್ಲಿ, ಅದೇ ಕಾಲದಿಂದ ಪಕ್ಕದಲ್ಲೇ ಬದುಕಿದ ಪಟ್ಟಿಯಲ್ಲಿಲ್ಲದ ಕುಟುಂಬ ಮಾತ್ರ 1930ರವರೆಗೆ ಹೋಗಬೇಕು.

‘ಬಿನ್’ ಮತ್ತು ‘ಕೋಂ’

ಹಳೆಯ ಕಾಗದಗಳಲ್ಲಿ ‘ಬಿನ್’ ಎಂದರೆ ಇಂಥವನ ಮಗ, ‘ಕೋಂ’ ಎಂದರೆ ಇಂಥವನ ಹೆಂಡತಿ. ‘ತಿಮ್ಮಾ ಬಿನ್ ಬೀರಾ’ ಎಂಬ ಒಂದೇ ಸಾಲಿನಲ್ಲಿ ಎರಡು ತಲೆಮಾರು ಸಿಕ್ಕಂತಾಯಿತು. ಅದೇ ವೇಳೆ ಅಜ್ಜನ ಹೆಸರನ್ನು ಮೊಮ್ಮಗನಿಗೆ ಇಡುವ ರೂಢಿಯಿಂದ ಗೊಂದಲವೂ ಆಗುತ್ತದೆ. ಅಜ್ಜನೂ ಮೊಮ್ಮಗನೂ ‘ತಿಮ್ಮಾ’ ಆಗಿದ್ದರೆ ವರ್ಷ ಮತ್ತು ತಂದೆಯ ಹೆಸರನ್ನು ತಾಳೆ ನೋಡದೆ ವಂಶವೃಕ್ಷ ಬರೆಯಬಾರದು. ಹೆಸರು ಹೊಂದಿತೆಂದು ಇನ್ನೊಬ್ಬರ ಅಜ್ಜನನ್ನು ತಮ್ಮವನೆಂದು ತೋರಿಸಿದರೆ ವಿಚಾರಣೆಯಲ್ಲಿ ಇಡೀ ಅರ್ಜಿಗೆ ಪೆಟ್ಟು ಬೀಳುತ್ತದೆ.

ಕಾನೂನು ಏನನ್ನು ಒಪ್ಪುತ್ತದೆ?

ಲಿಖಿತ ದಾಖಲೆ ಇಲ್ಲವೆಂದ ಮಾತ್ರಕ್ಕೆ ಹಕ್ಕು ಇಲ್ಲವೆಂದಲ್ಲ. ಗೆಜೆಟಿಯರ್, ಭೂಮಾಪನ ವರದಿ, ನಕ್ಷೆ, ನ್ಯಾಯಾಲಯದ ಆದೇಶಗಳ ಜತೆಗೆ ಮನೆ, ಒಡ್ಡು, ಬಾವಿ, ಸ್ಮಶಾನ, ದೇವರಬನಗಳಂಥ ಗುರುತುಗಳು, ಹಿಂದಿನ ಭೂದಾಖಲೆಯಲ್ಲಿ ಹೆಸರಿರುವ ವ್ಯಕ್ತಿಯವರೆಗಿನ ವಂಶಾವಳಿ, ಅರ್ಜಿದಾರರಲ್ಲದ ಹಿರಿಯರ ಲಿಖಿತ ಹೇಳಿಕೆ ಇವೆಲ್ಲವೂ 2008ರ ನಿಯಮಗಳ ಪ್ರಕಾರ ಸಾಕ್ಷ್ಯಗಳೇ. ಒಂದಕ್ಕಿಂತ ಹೆಚ್ಚು ಸಾಕ್ಷ್ಯ ಬೇಕು. ಆದರೆ ಇಂಥದೇ ದಾಖಲೆ ಬೇಕೆಂದು ಪಟ್ಟು ಹಿಡಿಯುವಂತಿಲ್ಲ ಎಂದು 2012ರ ತಿದ್ದುಪಡಿ ಸ್ಪಷ್ಟಪಡಿಸಿದೆ.

ಮತ್ತೊಂದು ತಪ್ಪು ತಿಳಿವಳಿಕೆಯೂ ವ್ಯಾಪಕವಾಗಿದೆ. ಈಗ ಸಾಗುವಳಿ ಮಾಡುತ್ತಿರುವ ತುಂಡು ನೆಲವೇ 75 ವರ್ಷಗಳಿಂದ ಸ್ವಾಧೀನದಲ್ಲಿರಬೇಕೆಂದೇನೂ ಇಲ್ಲ. ಮೂರು ತಲೆಮಾರಿನ ಷರತ್ತು ಇರುವುದು ವಾಸ ಮತ್ತು ಅವಲಂಬನೆಗೆ ಎಂದು ಕೇಂದ್ರ ಬುಡಕಟ್ಟು ವ್ಯವಹಾರಗಳ ಸಚಿವಾಲಯ ತಿಳಿಸಿದೆ. ಮಂಜೂರಾಗುವ ಪ್ರಮಾಣ ಗರಿಷ್ಠ 4 ಹೆಕ್ಟೇರ್. ಅದು ವಾರಸುದಾರರಿಗೆ ಬರುತ್ತದೆ, ಮಾರಲು ಬರುವುದಿಲ್ಲ.

ದಾಖಲೆ ಕೋಣೆಗೆ ಅರ್ಜಿದಾರ ಒಬ್ಬನೇ ಅಲೆಯಬೇಕಾಗಿಲ್ಲ. ಗ್ರಾಮಸಭೆ ಅಥವಾ ಅರಣ್ಯ ಹಕ್ಕು ಸಮಿತಿ ಕೋರಿದರೆ ಸಂಬಂಧಿಸಿದ ಅಧಿಕಾರಿಗಳು ದಾಖಲೆಯ ದೃಢೀಕೃತ ನಕಲು ಕೊಡಬೇಕು. ಅರಣ್ಯ ಮತ್ತು ಕಂದಾಯ ನಕ್ಷೆ, ಮತದಾರರ ಪಟ್ಟಿಗಳನ್ನು ಒದಗಿಸುವುದು ಉಪವಿಭಾಗ ಮಟ್ಟದ ಸಮಿತಿಯ ಹೊಣೆ. ಅರ್ಜಿ ತಿರಸ್ಕೃತವಾದಲ್ಲಿ 60 ದಿನಗಳೊಳಗೆ ಮೇಲಿನ ಸಮಿತಿಗೆ ಮನವಿ ಸಲ್ಲಿಸಬಹುದು. ತಿರಸ್ಕಾರವನ್ನು ಹಗುರವಾಗಿ ಪರಿಗಣಿಸುವಂತಿಲ್ಲ. ಅರ್ಜಿ ತಿರಸ್ಕೃತರಾದವರನ್ನು ತೆರವುಗೊಳಿಸುವಂತೆ ಸುಪ್ರೀಂ ಕೋರ್ಟ್ 2019ರ ಫೆಬ್ರುವರಿ 13ರಂದು ಆದೇಶಿಸಿ, ಅದೇ ತಿಂಗಳ 28ರಂದು ಆ ಆದೇಶಕ್ಕೆ ತಾನೇ ತಡೆ ನೀಡಿತ್ತು.

ತಾಲ್ಲೂಕು ಕಚೇರಿಗಳ ಹಳೆಯ ಕಂದಾಯ ಕಡತಗಳನ್ನು ಸ್ಕ್ಯಾನ್ ಮಾಡುವ ಭೂ ಸುರಕ್ಷಾ ಯೋಜನೆಗೆ ರಾಜ್ಯದಲ್ಲಿ 2024ರಲ್ಲಿ ಚಾಲನೆ ದೊರೆಯಿತು. ಹಾಳೆಗಳು ಹೀಗೆ ಉಳಿದಾವು. ಯಾವ ಬಾವಿಯನ್ನು ಯಾರು ತೋಡಿದರು, ಯಾವ ಮನೆಯವರು ಎಲ್ಲಿಂದ ಬಂದರು ಎಂಬುದನ್ನು ಬಲ್ಲ ಹಿರಿಯರ ಸಂಖ್ಯೆ ಮಾತ್ರ ವರ್ಷ ವರ್ಷಕ್ಕೆ ಕಡಿಮೆಯಾಗುತ್ತಿದೆ. ಕಚೇರಿಗೆ ಅರ್ಜಿ ಹಾಕುವ ಮೊದಲು ಊರಿನ ಹಿರಿಯರ ಹೇಳಿಕೆಯನ್ನು ಗ್ರಾಮಸಭೆಯ ಮುಂದೆ ಬರೆಸಿ, ಸಹಿ ಅಥವಾ ಹೆಬ್ಬೆಟ್ಟಿನ ಗುರುತು ಹಾಕಿಸಿಕೊಳ್ಳುವುದು ಕುಟುಂಬಗಳು ಮಾಡಬೇಕಾದ ಮೊದಲ ಕೆಲಸ.