ಗಾಲಿಮನೆಯ ಅಗ್ಗಿಷ್ಟಿಕೆ

ನಮ್ಮ ಚಿತ್ರರಂಗದವರಿಗೆ ‘ಕ್ಯಾರವಾನ್’ ಅಂದರೆ ಶಾಟ್‌ಗಳ ನಡುವೆ ನಾಯಕ ನಾಯಕಿಯರು ಹೊಕ್ಕು ಕೂರುವ ಏಸಿ ಬಸ್ಸು. ಬಿಸಿಲಿನಿಂದ ತಪ್ಪಿಸಿಕೊಳ್ಳುವ ಜಾಗ. ಯುರೋಪಿನಲ್ಲಿ ಅದೇ ಹೆಸರಿನ ವಸ್ತುವಿಗೆ ತದ್ವಿರುದ್ಧದ ಚಿಂತೆ. ಕಾರಿನ ಬೆನ್ನಿಗೆ ಕೊಂಡಿ ಹಾಕಿ ಎಳೆದೊಯ್ಯುವ ಆ ಪುಟ್ಟ ಮನೆಯ ಗೋಡೆ ಮೂರು ಸೆಂಟಿಮೀಟರ್ ಆಸುಪಾಸು ದಪ್ಪ. ನೆಲದಡಿ ಮಣ್ಣಿಲ್ಲ, ಬರೀ ಗಾಳಿ. ಅಂಥದ್ದರಲ್ಲಿ ಹಲ್ಲು ಕಟಕಟಿಸದೆ ರಾತ್ರಿ ಕಳೆಯುವುದು ಹೇಗೆ? ಈ ಪ್ರಶ್ನೆಯ ಬೆನ್ನು ಹತ್ತಿದವರು ಮೊದಲು ಬೆಂಕಿಯನ್ನು ಮನೆಯೊಳಗೆ ತಂದರು. ಆಮೇಲೆ ಬಹಳ ಕಷ್ಟಪಟ್ಟು ಅದನ್ನು ಕೋಣೆಯ ಗಾಳಿಯಿಂದ ಹೊರಗೆ ಹಾಕಿದರು.

ಒಳಗೆ ತಂದವರಲ್ಲಿ ಅಲೆಮಾರಿ ರೊಮಾನಿಗಳೂ ಇದ್ದರು. 19ನೇ ಶತಮಾನದ ನಡುಭಾಗದವರೆಗೆ ಇಂಗ್ಲೆಂಡಿನ ರೊಮಾನಿಗಳು ಹೆಚ್ಚಾಗಿ ಬಾಗಿಸಿದ ಕೋಲುಗಳಿಗೆ ಬಟ್ಟೆ ಹೊದಿಸಿದ ಗುಡಾರಗಳಲ್ಲಿ ಮಲಗುತ್ತಿದ್ದರು. ಆಮೇಲೆ ಬಂತು ‘ವಾರ್ಡೊ’, ಕುದುರೆ ಎಳೆಯುವ, ಕೆತ್ತನೆ ತುಂಬಿದ ಬಣ್ಣದ ಮರದ ಗಾಡಿ. ಹಿಂದುಗಡೆ ಅಡ್ಡಕ್ಕೆ ಮಂಚ. ಬಾಗಿಲು ದಾಟಿದೊಡನೆ ಎಡಕ್ಕೆ ಎರಕದ ಕಬ್ಬಿಣದ ಒಲೆ. ಎಡಕ್ಕೇ ಯಾಕೆ ಅನ್ನುವುದರಲ್ಲಿ ಜಾಣತನವಿದೆ. ಬಾಗಿಲಿರುವುದು ಗಾಡಿಯ ಮುಂದೆ, ಕುದುರೆಯ ಕಡೆಗೆ. ಹಾಗಾಗಿ ಒಳಹೊಕ್ಕವನ ಎಡ ಅಂದರೆ ಗಾಡಿಯ ಬಲ. ರಸ್ತೆಯ ಎಡಬದಿ ಹಿಡಿದು ಸಾಗುವ ಗಾಡಿಗೆ ಮರದ ಕೊಂಬೆ ಬಡಿಯುವುದು ಎಡಗಡೆಯೇ. ಹೊಗೆಕೊಳವೆ ಆ ಕಡೆ ಇದ್ದರೆ ಒಂದು ಹಳ್ಳಿ ದಾಟುವುದರೊಳಗೆ ಮುರಿದು ಬೀಳುತ್ತಿತ್ತು.

ಭಾರತದಿಂದ ಹೋದ ಜನ ಈ ರೊಮಾನಿಗಳು. ನೀರಿಗೆ ಇವತ್ತಿಗೂ ‘ಪಾನಿ’ ಅನ್ನುತ್ತಾರೆ, ಬೆಂಕಿಗೆ ‘ಯಾಗ್’. ಅದು ಅಗ್ನಿಯದೇ ಕುಡಿ. ನಮ್ಮ ಅಜ್ಜಿಯರು ಬಾಣಂತಿಯ ಮಂಚದಡಿ ಇಡುತ್ತಿದ್ದ ಅಗ್ಗಿಷ್ಟಿಕೆಯೂ ಅದೇ ಬಳ್ಳಿಯದು. ಇದನ್ನು ಹೇಳದೆ ಮುಂದೆ ಹೋಗಲು ಮನಸ್ಸಾಗಲಿಲ್ಲ.

ಹೊಟ್ಟೆಪಾಡಿನ ಗಾಡಿಯನ್ನು ಮೋಜಿನ ಗಾಡಿ ಮಾಡಿದವರು ವಿಲಿಯಂ ಗಾರ್ಡನ್ ಸ್ಟೇಬಲ್ಸ್, ಬ್ರಿಟಿಷ್ ನೌಕಾಪಡೆಯ ಮಾಜಿ ವೈದ್ಯರು, ಹುಡುಗರಿಗೆ ಸಾಹಸಕಥೆ ಬರೆಯುತ್ತಿದ್ದವರು. ಬ್ರಿಸ್ಟಲ್‌ನಲ್ಲಿ ‘ವಾಂಡರರ್’ ಎಂಬ ಗಾಡಿ ಕಟ್ಟಿಸಿಕೊಂಡು 1885ರಲ್ಲಿ ಎರಡು ಕುದುರೆ ಹೂಡಿ ದಕ್ಷಿಣ ಇಂಗ್ಲೆಂಡಿನಿಂದ ಸ್ಕಾಟ್ಲೆಂಡಿನ ಇನ್ವರ್ನೆಸ್‌ವರೆಗೆ ಹೋದರು. ಹೋದದ್ದು ಬೇಸಿಗೆಯಲ್ಲಿ, ಚಳಿ ಅವರಿಗೆ ದೊಡ್ಡ ತಲೆನೋವಾಗಲಿಲ್ಲ. 1907ರಲ್ಲಿ ಕ್ಯಾರವಾನ್ ಕ್ಲಬ್ ಹುಟ್ಟಿತು. 1919ರಲ್ಲಿ ಬರ್ಮಿಂಗ್‌ಹ್ಯಾಮಿನ ಎಕ್ಲಿಸ್ ಕಂಪನಿ ಕಾರು ಎಳೆಯುವ ಕ್ಯಾರವಾನ್‌ಗಳನ್ನು ಮಾಡಿ ಮಾರತೊಡಗಿತು. 1931ರಲ್ಲಿ ಜರ್ಮನಿಯ ಇಸ್ನಿ ಎಂಬ ಊರಿನಲ್ಲಿ ಅರಿಸ್ಟ್ ಡೆಥ್ಲೆಫ್ಸ್ ‘ವೋನ್‌ಆಟೊ’ ಎಂಬ ತನ್ನ ಕ್ಯಾರವಾನ್ ಕಟ್ಟಿದ. ಅವನ ಮನೆತನದ ಕಸುಬು ಚಾವಟಿ, ಸ್ಕೀ ಕೋಲು ಮಾಡುವುದು. ವ್ಯಾಪಾರಕ್ಕೆ ಊರೂರು ಸುತ್ತಬೇಕು. ಅವನ ಸಂಗಾತಿ, ಚಿತ್ರಗಾರ್ತಿ ಫ್ರಿಡೆಲ್ ತಾನೂ ಜೊತೆಗೆ ಬರಬೇಕು, ದಾರಿಯಲ್ಲಿ ಚಿತ್ರ ಬರೆಯಬೇಕು ಅಂದದ್ದೇ ನೆಪ.

ಮೋಟಾರು ಕಾರು ಎಳೆಯಬೇಕಾದರೆ ಗಾಡಿ ಹಗುರವಾಗಬೇಕು. ವಾರ್ಡೊದ ಭಾರಿ ಒಲೆಯ ಜಾಗಕ್ಕೆ ಕಲ್ಲಿದ್ದಲಿನ ಪುಟ್ಟ ಒಲೆ ಬಂತು, ಸೀಮೆಎಣ್ಣೆ ಹೀಟರ್ ಬಂತು, ಮ್ಯಾಂಟಲ್ ಕಟ್ಟಿದ ಗ್ಯಾಸ್ ದೀಪ ಬಂತು. ಕಿಟಕಿ ಮುಚ್ಚಿದರೆ ಹತ್ತು ನಿಮಿಷದಲ್ಲಿ ಒಳಗೆಲ್ಲ ಬೆಚ್ಚಗೆ. ಬೆಳಿಗ್ಗೆ ಎದ್ದು ನೋಡಿದರೆ ಹಾಸಿಗೆಯ ಅಡಿ ತೇವ, ಒಂಟಿ ಗಾಜಿನ ಕಿಟಕಿಯಿಂದ ನೀರು ಇಳಿದು ಪರದೆಯ ಅಂಚು ತೊಪ್ಪೆ. ಚಾವಣಿ ಸೋರುತ್ತಿದೆ ಅಂದುಕೊಂಡವರೆಷ್ಟೋ! ಸೋರುತ್ತಿದ್ದುದು ಹೀಟರ್. ಒಂದು ಕಿಲೋ ಪ್ರೋಪೇನ್ ಗ್ಯಾಸ್ ಉರಿದರೆ ಒಂದೂವರೆ ಲೀಟರಿಗೂ ಮಿಕ್ಕಿ ನೀರು ಆವಿಯಾಗಿ ಹೊರಬೀಳುತ್ತದೆ. ಕೊಳವೆಯಿಲ್ಲದ ಹೀಟರ್ ಅದನ್ನೆಲ್ಲ ಕೋಣೆಗೇ ಉಗುಳುತ್ತದೆ. ಮಲಗಿದವರ ಉಸಿರಿನ ತೇವವೂ ಸೇರಿ ತಣ್ಣಗಿನ ಲೋಹದ ಮೈ ಸಿಕ್ಕಲ್ಲಿ ಹನಿಗಟ್ಟುತ್ತದೆ. ಒದ್ದೆ ಹಾಸಿಗೆಯ ಚಳಿಯ ಮುಂದೆ ಒಣ ಚಳಿ ಎಷ್ಟೋ ವಾಸಿ. ಇನ್ನೊಂದು ಅಪಾಯ ಕಣ್ಣಿಗೂ ಬೀಳದು, ಮೂಗಿಗೂ ಹತ್ತದು. ಗಾಳಿ ಸಾಲದೆ ಅರೆಬರೆ ಉರಿದ ಬೆಂಕಿಯಿಂದ ಬರುವ ಕಾರ್ಬನ್ ಮೊನಾಕ್ಸೈಡ್ ರಕ್ತದಲ್ಲಿ ಆಮ್ಲಜನಕದ ಜಾಗ ಹಿಡಿದುಬಿಡುತ್ತದೆ. ಚಳಿಗೆಂದು ಕಿಂಡಿ ಮುಚ್ಚಿ ಮಲಗಿದವರು ಏಳುವುದಿಲ್ಲ.

ಪರಿಹಾರ ಬಂದದ್ದು ಒಂದು ಪೆಟ್ಟಿಗೆಯ ರೂಪದಲ್ಲಿ. ಮ್ಯೂನಿಕ್‌ನ ಫಿಲಿಪ್ ಕ್ರೈಸ್ 1949ರಲ್ಲಿ ಟ್ರೂಮಾ ಕಂಪನಿ ತೆರೆದದ್ದು ಗ್ಯಾಸ್ ದೀಪ ಮಾಡಲಿಕ್ಕೆ. 1961ರಲ್ಲಿ ಅದು ಕ್ಯಾರವಾನ್‌ಗೆಂದೇ ಒಂದು ಹೀಟರ್ ತಂದಿತು. ಮುಂದೆ ಮನೆಮಾತಾದ ಬಗೆ ಇದು: ಬೆಂಕಿ ಉರಿಯುವುದು ಪೂರ್ತಿ ಮುಚ್ಚಿದ ಲೋಹದ ಗೂಡಿನಲ್ಲಿ. ಅದು ಉಸಿರೆಳೆಯುವುದು ಹೊರಗಿನಿಂದ. ಬಿಡುವುದೂ ಚಾವಣಿಯ ಅಥವಾ ಪಕ್ಕದ ಕೊಳವೆಯಿಂದ ಹೊರಕ್ಕೇ. ಕೋಣೆಯ ಗಾಳಿ ಗೂಡಿನ ಕಾದ ಮೈಯನ್ನು ಸವರಿಕೊಂಡು ಹೋಗುತ್ತದೆ ಅಷ್ಟೆ, ಜ್ವಾಲೆಯ ಮುಖ ನೋಡುವುದಿಲ್ಲ. ಬಟ್ಟೆಬೀರುವಿನ ಕೆಳಗೆ ಕೂತಿರುವ ಈ ಹೀಟರನ್ನು ಹೊತ್ತಿಸಲು ಹಳೆಯ ಕ್ಯಾರವಾನ್‌ಗಳಲ್ಲಿ ಈಗಲೂ ಮಂಡಿಯೂರಬೇಕು. ಗುಬುಟು ಒತ್ತಿ ಹಿಡಿದರೆ ಟಿಕ್ ಟಿಕ್ ಟಿಕ್. ಬೆರಳಗಲದ ಗಾಜಿನ ಕಿಂಡಿಗೆ ಕಣ್ಣಿಟ್ಟು ಕಾದರೆ ಒಳಗೆಲ್ಲೋ ನೀಲಿ ಮೊಗ್ಗು ಅರಳುತ್ತದೆ. ಆ ಮನೆಯಲ್ಲಿ ಬೆಂಕಿಯ ದರ್ಶನ ಅಷ್ಟೇ.

ಗ್ಯಾಸಿನಲ್ಲೂ ಒಂದು ಮರ್ಮವಿದೆ. ಬ್ಯೂಟೇನ್ ಸೊನ್ನೆ ಡಿಗ್ರಿಯ ಹತ್ತಿರ ಬಂದರೆ ಆವಿಯಾಗಲು ಒಲ್ಲೆ ಅನ್ನುತ್ತದೆ. ಸಿಲಿಂಡರ್ ಭಾರವಾಗಿಯೇ ಇರುತ್ತದೆ, ಒಲೆ ಹತ್ತುವುದಿಲ್ಲ. ಪ್ರೋಪೇನ್ ಮೈನಸ್ 42ರವರೆಗೂ ಜಗ್ಗುವುದಿಲ್ಲ. ಹಾಗಾಗಿ ಬ್ರಿಟನ್ನಿನ ಕ್ಯಾರವಾನಿಗರು ಚಳಿಗಾಲ ಬಂತೆಂದರೆ ಬ್ಯೂಟೇನಿನ ನೀಲಿ ಸಿಲಿಂಡರ್ ಬಿಟ್ಟು ಪ್ರೋಪೇನಿನ ಕೆಂಪು ಸಿಲಿಂಡರ್ ಹಿಡಿಯುತ್ತಾರೆ. ನಮ್ಮ ಅಡುಗೆಮನೆಯ 14.2 ಕಿಲೋ ಸಿಲಿಂಡರಿನದು ಎರಡರ ಮಿಶ್ರಣ. ಮಂಡ್ಯದಲ್ಲಿ ಅದರ ಚಿಂತೆ ಬೇಡ. ಲಡಾಖಿನ ಜನವರಿಯಲ್ಲಿ ಅದು ಮುನಿಸಿಕೊಳ್ಳುತ್ತದೆ.

ಬಿಸಿಗಾಳಿಯ ಹೀಟರಿನ ಕೊರತೆ ಏನೆಂದರೆ ತಲೆ ಬೆವರುತ್ತದೆ, ಕಾಲು ಮರಗಟ್ಟುತ್ತದೆ. ಇದಕ್ಕೆ ಚೆಂದದ ಉತ್ತರ ಕೊಟ್ಟವರು ಸ್ವೀಡನ್ನಿನವರು. ಅಲ್ಡೆ ಎಂಬ ಕಂಪನಿಯ ಏರ್ಪಾಟಿನಲ್ಲಿ ಬಿಸಿಯಾಗುವುದು ಗಾಳಿಯಲ್ಲ, ಗ್ಲೈಕಾಲ್ ಬೆರೆಸಿದ ನೀರು. ಆಸನ, ಮಂಚಗಳ ಹಿಂದೆ ಗೋಡೆಯುದ್ದಕ್ಕೂ ಓಡುವ ಕೊಳವೆಗಳಲ್ಲಿ ಅದು ಸುತ್ತುತ್ತದೆ. ಒರಗುದಿಂಬು ಗೋಡೆಗೆ ತಾಗದಂತೆ ನಡುವೆ ಸಂದು ಬಿಟ್ಟಿರುತ್ತಾರೆ. ಬೆಚ್ಚನೆಯ ಗಾಳಿ ಅದರಲ್ಲಿ ಸದ್ದಿಲ್ಲದೆ ಮೇಲೇರಿ ಕಿಟಕಿಯ ಚಳಿಗೆ ಅಡ್ಡ ನಿಲ್ಲುತ್ತದೆ. ಆ ಸಂದಿಗೆ ದಿಂಬು ತುರುಕಿದಿರೋ, ಅಷ್ಟೂ ಜಾಣತನ ನೀರುಪಾಲು. 1957ರಲ್ಲಿ ಟೆನ್‌ಹುಲ್ಟ್ ಎಂಬ ಊರಿನಲ್ಲಿ ಹುಟ್ಟಿದ ಕಾಬೆ ಕ್ಯಾರವಾನ್‌ಗಳು ಹೆಸರು ಮಾಡಿದ್ದು ಇಂಥ ನೀರಿನ ಶಾಖವನ್ನು ನೆಲಕ್ಕೂ ಹಾಯಿಸಿ. ನನ್ನ ಮಟ್ಟಿಗೆ ಗಾಲಿಮನೆಯ ಸುಖದ ಶಿಖರ ಇದೇ. ಆದರೆ ತೂಕವೂ ಹೆಚ್ಚು, ಬೆಲೆಯೂ ಹೆಚ್ಚು. ಕ್ಯಾರವಾನ್ ಎಷ್ಟು ಬೆಚ್ಚಗಿರಬೇಕೆಂಬುದಕ್ಕೆ ಯುರೋಪಿನಲ್ಲಿ ಮಾನದಂಡವೂ ಇದೆ; ಅದರ ಮೂರನೇ ದರ್ಜೆ ಬೇಕಾದರೆ ಹೊರಗೆ ಮೈನಸ್ 15 ಇದ್ದಾಗ ಒಳಗನ್ನು ನಾಲ್ಕು ಗಂಟೆಯೊಳಗೆ 20 ಡಿಗ್ರಿಗೆ ತರಬೇಕು.

ಇಷ್ಟಾದರೂ ಹಿಮದಲ್ಲಿ ಬಿಡಾರ ಹೂಡುವವರ ಪಾಡು ಬೇರೆಯೇ. ಹ್ಯಾಂಡ್‌ಬ್ರೇಕ್ ಎಳೆದಿಟ್ಟರೆ ಹೆಪ್ಪುಗಟ್ಟಿ ಹಿಡಿದುಕೊಳ್ಳುತ್ತದೆ. ಅದನ್ನು ಸಡಿಲ ಬಿಟ್ಟು ಗಾಲಿಗೆ ಅಡೆ ಕೊಡುತ್ತಾರೆ. ಮೂಲೆಯ ಕಾಲುಗಳು ನೆಲಕ್ಕೆ ಅಂಟದಂತೆ ಹಲಗೆ. ಚಾವಣಿಯ ಹಿಮ ಕೊಳವೆಯ ಬಾಯಿ ಕಟ್ಟದಂತೆ ದಿನಾ ಕೆರೆಯಬೇಕು. 11 ಕಿಲೋ ಸಿಲಿಂಡರ್ ಮೂರು ದಿನ ಬಂದರೆ ಪುಣ್ಯ.

ಈಗ ನಮ್ಮವರೂ ಕ್ಯಾಂಪರ್ ವ್ಯಾನ್ ಬಾಡಿಗೆ ಹಿಡಿದು ಲಡಾಖ್, ಸ್ಪಿತಿ ಅಂತ ಹೊರಡುತ್ತಿದ್ದಾರೆ. ಹೋಗುವವರಲ್ಲಿ ಒಂದು ವಿನಂತಿ. ಎಷ್ಟೇ ಚಳಿಯಾಗಲಿ, ನೆಲದ ಬಳಿ ಇರುವ ಗಾಳಿಕಿಂಡಿಗೆ ಟವೆಲ್ ತುರುಕಬೇಡಿ. ಕೆಂಡದ ಬಾಂಡಲೆಯನ್ನು ಒಳಗೆ ತರಬೇಡಿ. ಕಾರ್ಬನ್ ಮೊನಾಕ್ಸೈಡ್ ಅಲಾರಂ ಇಲ್ಲದ ಗಾಡಿಯಾದರೆ ಒಂದನ್ನು ಕೊಂಡು ಜೊತೆಗಿಟ್ಟುಕೊಳ್ಳಿ. ಇದ್ದರೆ, ಹೊರಡುವ ಮುನ್ನ ಅದರ ಗುಂಡಿ ಒತ್ತಿ ಕೂಗುತ್ತದೆಯೋ ನೋಡಿಕೊಳ್ಳಿ.